ಎಳೆ ಕುದುರೆ ಮೊಂಡು ಹಿಡಿದ್ರೆ ಏನ್ ಮಾಡೋದು? ಪದೇ ಪದೇ ಕೇಳೋ ಪ್ರಶ್ನೆಗಳು

ಬೆಂಗಳೂರು, ಮೈಸೂರು ಕಡೆ ಕುದುರೆ ಇಟ್ಕೊಂಡಿರೋರು ಸಿಕ್ಕಿದಾಗ ಕೇಳೋದು, ರಾತ್ರಿ ಹತ್ತು ಗಂಟೆಗೆ ವಿಡಿಯೋ ಕಳ್ಸಿ ಕೇಳೋದು ಎಲ್ಲಾ ಸುಮಾರಾಗಿ ಇವೇ ಪ್ರಶ್ನೆಗಳು, ಅದಕ್ಕೇ ಒಂದೇ ಕಡೆ ಬರೆದಿಡ್ತಿದೀನಿ. ಹೆಚ್ಚಿನವರ ಹತ್ರ ಇರೋದು ರೇಸಿಂದ ಬಿಟ್ಟ 3ರಿಂದ 5 ವರ್ಷದ ಥರೋಬ್ರೆಡ್ (ರೇಸ್ ತಳಿ), ಕೆಲವರ ಹತ್ರ ಮಾರ್ವಾಡಿ ಇಲ್ಲಾ ಕಾಠಿಯಾವಾಡಿ (ನಮ್ಮ ದೇಶಿ ತಳಿ) ಮರಿ. ಎರಡಕ್ಕೂ ಉತ್ತರ ಬೇರೆ ಆಗೋ ಕಡೆ ಅಲ್ಲಲ್ಲೇ ಹೇಳಿದೀನಿ.

## ಮೊದಲು ಇಷ್ಟು

ಸೈಸ್ (ಕುದುರೆ ನೋಡ್ಕೊಳ್ಳೋರು) ಹೇಳ್ತಾರೆ ಇದು ಬೇಕಂತಾನೇ ಹಠ ಮಾಡುತ್ತೆ, ನಿಮ್ಮನ್ನ ಟೆಸ್ಟ್ ಮಾಡ್ತಿದೆ ಅಂತ. ನಿಜಾನಾ ಸರ್?

ಸೈಸ್ ಕಣ್ಣಾರೆ ನೋಡಿರೋದು ನಿಜ, ದಿನಾ ಅದರ ಜೊತೆ ಇರೋರು ಅವರೇ, ಏನು ಮಾಡ್ತು ಯಾವಾಗ ಮಾಡ್ತು ಅನ್ನೋದನ್ನ ಅವರ ಹತ್ರಾನೇ ಕೇಳಿ. ಆದ್ರೆ ಯಾಕೆ ಮಾಡ್ತು ಅನ್ನೋದಕ್ಕೆ "ಹಠ" ಅಂತ ಉತ್ತರ ಬಂದ್ರೆ ಅಲ್ಲಿಗೆ ನಿಲ್ಲಿಸ್ಬೇಡಿ. ನಾನು ನೋಡೋ ಕ್ರಮ ಹೀಗೆ: ಮೊದಲು ಎಲ್ಲಾದ್ರೂ ನೋವಿದ್ಯಾ, ಇಲ್ಲ ಅಂದ್ರೆ ಏನಕ್ಕಾದ್ರೂ ಹೆದರಿದ್ಯಾ, ಅದೂ ಅಲ್ದಿದ್ರೆ ನಾವು ಕೇಳಿದ್ದು ಅರ್ಥ ಆಗಿಲ್ವಾ, ಕಟ್ಟಕಡೆಗೆ ಹೀಗೆ ಮಾಡಿದ್ರೆ ಕೆಲಸದಿಂದ ಬಿಡುಗಡೆ ಸಿಗುತ್ತೆ ಅಂತ ಕಲಿತುಬಿಟ್ಟಿದ್ಯಾ. ಆ ನಾಲ್ಕನೇದನ್ನೇ ಜನ ಹಠ ಅನ್ನೋದು, ಅದನ್ನೂ ಕಲಿಸಿದವರು ನಾವೇ ಆಗಿರ್ತೀವಿ. ಬಕ್ ಹೊಡೆದ (ಬೆನ್ನು ಗೂನು ಮಾಡಿ ಹಿಂಗಾಲು ಎಗರಿಸಿದ) ತಕ್ಷಣ ಇಳಿದು ಲಾಯಕ್ಕೆ ಕಟ್ಟಿಬಿಟ್ರೆ, ಬಕ್ ಹೊಡೆದ್ರೆ ಡ್ಯೂಟಿ ಮುಗೀತು ಅಂತ ಅದು ಲೆಕ್ಕ ಹಾಕುತ್ತೆ, ಇದರಲ್ಲಿ ಕುದುರೆ ತಪ್ಪೇನಿದೆ.

ಎಷ್ಟು ವಯಸ್ಸಿಗೆ ಹತ್ತಬಹುದು? 2 ವರ್ಷಕ್ಕೆ ರೇಸೇ ಓಡುತ್ತಲ್ಲ?

ಓಡುತ್ತೆ, ಆದ್ರೆ ರೇಸಿನ ಲೆಕ್ಕವೇ ಬೇರೆ, ಅಲ್ಲಿ ದುಡ್ಡಿನ ಗಡಿಯಾರ ನಡೀತಿರುತ್ತೆ. ಕುದುರೆ ಮೂಳೆ ಕೆಳಗಿಂದ ಮೇಲಕ್ಕೆ ಗಟ್ಟಿ ಆಗ್ತಾ ಹೋಗುತ್ತೆ, ಕಾಲಿನ ಕೆಳಭಾಗ ಬೇಗ, ಮಂಡಿ ಮೇಲಿನದು ಸುಮಾರು ಎರಡು ಎರಡೂವರೆ ವರ್ಷಕ್ಕೆ, ಬೆನ್ನುಮೂಳೆ ಮಾತ್ರ 5 ವರ್ಷ ದಾಟಿದ ಮೇಲೇನೇ. ನಾವು ಕೂರೋದು ಎಲ್ಲಿ? ಅದೇ ಬೆನ್ನ ಮೇಲೆ. ಹಂಗಂತ 5 ವರ್ಷ ಸುಮ್ಮನೆ ಕಟ್ಟಿಹಾಕೋದೂ ಸರಿಯಿಲ್ಲ, ಚಿಕ್ಕ ವಯಸ್ಸಲ್ಲಿ ಅಳತೆಯಲ್ಲಿ ಓಡಾಟ, ಕೆಲಸ ಇದ್ರೆ ಮೂಳೆಗೂ ಸ್ನಾಯುಗೂ ಒಳ್ಳೇದು. ರೈಡಿಂಗಿಗೆ ಇಟ್ಕೊಂಡಿರೋ ಮರಿಗೆ ಮೂರು ಮೂರೂವರೆಗೆ ಜೀನು, ಹಗುರ ರೈಡರ್, 15-20 ನಿಮಿಷ, ವಾರಕ್ಕೆ ಮೂರು ನಾಲ್ಕು ದಿನ ಸಾಕು. ತೂಕದ ಬಗ್ಗೆ ಸಾಮಾನ್ಯವಾಗಿ ಹೇಳೋದು ರೈಡರ್ ಮತ್ತೆ ಜೀನು ಸೇರಿ ಕುದುರೆ ತೂಕದ 20% ದಾಟಬಾರ್ದು ಅಂತ, ಅಂದ್ರೆ 450 ಕೆಜಿ ಕುದುರೆಗೆ 90 ಕೆಜಿ, ಎಳೆಯದಕ್ಕೆ ಅದಕ್ಕಿಂತ ಚೆನ್ನಾಗೇ ಕಮ್ಮಿ ಇರ್ಲಿ.

ಕುಂಟ್ತಾ ಇಲ್ಲ, ಮೇವು ತಿಂತಾ ಇದೆ. ನೋವಿದೆ ಅಂತ ಹೆಂಗ್ ಗೊತ್ತಾಗುತ್ತೆ?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಸ್ವಲ್ಪ ಉದ್ದ ಆಗುತ್ತೆ.

ಬಾಯಿಂದ ಶುರು ಮಾಡಿ. ಎರಡೂವರೆಯಿಂದ ನಾಲ್ಕೂವರೆ ವರ್ಷದೊಳಗೆ ಹಾಲುಹಲ್ಲೆಲ್ಲ ಬಿದ್ದು ಹೊಸ ಹಲ್ಲು ಬರುತ್ತೆ, ದವಡೆ ಹಲ್ಲಿನ ಮೇಲೆ ಹಳೇ ಹಲ್ಲು ಟೋಪಿ ಥರ ಕೂತು ಅಲ್ಲಾಡ್ತಿರುತ್ತೆ, ಸರಿಯಾಗಿ ಆ ವಯಸ್ಸಲ್ಲೇ ನಾವು ಬಾಯಿಗೆ ಕಬ್ಬಿಣ ಹಾಕೋದು. ಇದರ ಜೊತೆಗೆ ಕೆಲವಕ್ಕೆ ವುಲ್ಫ್ ಟೀತ್ ಅಂತ ಮೊದಲನೇ ದವಡೆ ಹಲ್ಲಿನ ಮುಂದೆ ಸಣ್ಣ ಹಲ್ಲು ಇರುತ್ತೆ, ಬಿಟ್ (ಬಾಯಿಗೆ ಹಾಕೋ ಆ ಕಬ್ಬಿಣ) ತಾಗಿದ್ರೆ ತಲೆ ಒದರುತ್ತೆ. ವೆಟ್ (ಪಶುವೈದ್ಯರು) ಬಾಯಿ ತೆರೆಸೋ ಸ್ಪೆಕ್ಯುಲಮ್ ಹಾಕಿ, ಟಾರ್ಚ್ ಬಿಟ್ಟು ನೋಡ್ಬೇಕು, ತುಟಿ ಎತ್ತಿ ಮುಂದಿನ ಹಲ್ಲು ನೋಡಿದ್ರೆ ಏನೂ ಗೊತ್ತಾಗಲ್ಲ.

ಆಮೇಲೆ ಜೀನು. ಎಳೆ ಕುದುರೆ ಮೈ ತಿಂಗಳು ತಿಂಗಳಿಗೆ ಬದಲಾಗುತ್ತೆ, ಜನವರಿಲಿ ಸರಿ ಕೂತ ಜೀನು ಜೂನಲ್ಲಿ ಹೆಗಲಿಗೆ ಒತ್ತುತ್ತೆ. ಬೆವರಿದ ಮೇಲೆ ಜೀನು ತೆಗೆದು ಬೆನ್ನು ನೋಡಿ, ಸುತ್ತ ಎಲ್ಲಾ ಒದ್ದೆ ಇದ್ದು ಮಧ್ಯೆ ಒಂದು ಕಡೆ ಮಾತ್ರ ಒಣಗಿದ ಪಟ್ಟೆ ಇದ್ರೆ ಅಲ್ಲಿ ಒತ್ತಡ ಬಿದ್ದಿದ್ಯಾ ಅಂತ ಅನುಮಾನ ಪಡಬೇಕು. ಬೆನ್ನುಮೂಳೆ ಎರಡೂ ಪಕ್ಕ ಬೆರಳಿಂದ ಮೆಲ್ಲಗೆ ಒತ್ತುತ್ತಾ ಹಿಂದಕ್ಕೆ ಬನ್ನಿ, ಒಂದು ಜಾಗದಲ್ಲಿ ಬೆನ್ನು ಕುಸಿಯುತ್ತೆ, ಕಿವಿ ಹಿಂದಕ್ಕೆ ಹೋಗುತ್ತೆ, ಬಾಲ ಬೀಸುತ್ತೆ, ಅದೇ ಜಾಗ.

ಹೊಟ್ಟೆ ಹುಣ್ಣನ್ನ ಮರೀಬೇಡಿ, ರೇಸ್ ಕುದುರೆಗಳಲ್ಲಿ ಇದು ಬಹಳ. ಕುದುರೆ ಹೊಟ್ಟೆಲಿ ಹಗಲೂ ರಾತ್ರಿ ಆಸಿಡ್ ಸುರೀತಾನೇ ಇರುತ್ತೆ, ಅದನ್ನ ತಣಿಸೋ ಜೊಲ್ಲು ಮಾತ್ರ ಅಗಿಯುವಾಗ ಬರೋದು. ಬೆಳಿಗ್ಗೆ 5ಕ್ಕೆ ಖಾಲಿ ಹೊಟ್ಟೆಲಿ ಟ್ರಾಟ್ (ನಿಧಾನ ಓಟ) ಮಾಡ್ಸಿದ್ರೆ ಆಸಿಡ್ ಮೇಲಕ್ಕೆ ಚಿಮ್ಮುತ್ತೆ. ಗರ್ತ್ (ಜೀನಿನ ಹೊಟ್ಟೆಪಟ್ಟಿ) ಬಿಗಿಯುವಾಗ ಕಚ್ಚಕ್ಕೆ ಬರೋದು, ಕಾಲು ತಾಗಿಸಿದ ಕೂಡ್ಲೇ ನಿಲ್ಲೋದು, ಇವೆಲ್ಲ ಹುಣ್ಣಿಂದಾನೂ ಇರಬಹುದು, ಖಾತ್ರಿ ಬೇಕು ಅಂದ್ರೆ ವೆಟ್ ಗ್ಯಾಸ್ಟ್ರೋಸ್ಕೋಪ್ (ಹೊಟ್ಟೆಗೆ ಇಳಿಸೋ ಕ್ಯಾಮೆರಾ) ಹಾಕಿ ನೋಡ್ಬೇಕು. ಹತ್ತೋ ಮುಂಚೆ ಎರಡು ಹಿಡಿ ಕುದುರೆಮಸಾಲೆ (ಲೂಸರ್ನ್) ಸೊಪ್ಪು ತಿನ್ನಿಸೋದಂತೂ ಯಾರು ಬೇಕಾದ್ರೂ ಮಾಡಬಹುದು.

ಕುಂಟದೇನೂ ನೋವಿರುತ್ತೆ. ಬ್ರಿಟನ್ನಿನ ವೆಟ್ ಸ್ಯೂ ಡೈಸನ್ ಮತ್ತೆ ಅವರ ಜೊತೆಯವರು ರೈಡರ್ ಮೇಲಿರುವಾಗ ನೋಡಬೇಕಾದ 24 ಲಕ್ಷಣದ ಪಟ್ಟಿ ಮಾಡಿದಾರೆ: ಕಿವಿ 5 ಸೆಕೆಂಡಿಗಿಂತ ಜಾಸ್ತಿ ಹಿಂದಕ್ಕೆ ಮಲಗಿರೋದು, ಹಲ್ಲು ಬಿಟ್ಟು ಬಾಯಿ ತೆರೀತಾ ಮುಚ್ತಾ ಇರೋದು, ಕಣ್ಣಿನ ಬಿಳಿ ಕಾಣೋದು, ತಲೆ ಓರೆ ಮಾಡೋದು, ಹಿಂಗಾಲಿನ ಗೊರಸು ಎಳೆಯೋದು, ಬಾಲ ಬೀಸ್ತಾನೇ ಇರೋದು, ಮುಂದೆ ಹೋಗಲ್ಲ ಅನ್ನೋದು, ಬಕ್, ರಿಯರ್ (ಎರಡು ಹಿಂಗಾಲ ಮೇಲೆ ನಿಲ್ಲೋದು), ಹೀಗೆ. ಇದರಲ್ಲಿ 8 ಅಥವಾ ಜಾಸ್ತಿ ಕಂಡ್ರೆ ಮೂಳೆ ಸ್ನಾಯುಲಿ ನೋವಿರೋ ಸಾಧ್ಯತೆ ಹೆಚ್ಚು. ಯಾರಿಗಾದ್ರೂ ಫೋನ್ ಕೊಟ್ಟು ವಿಡಿಯೋ ಮಾಡ್ಸಿ ನಿಧಾನಕ್ಕೆ ಎಣಿಸಿ ನೋಡಿ, ಮೇಲೆ ಕೂತವರಿಗೆ ಇದರಲ್ಲಿ ಬಹಳಷ್ಟು ಕಾಣಲ್ಲ.

ಹುರುಳಿ ತಿಂದು ಕೊಬ್ಬಿದೆ ಅಂತಾರೆ. ದಾಣಿ ಕಮ್ಮಿ ಮಾಡ್ಲಾ?

ಅರ್ಧ ನಿಜ. ದಿನಕ್ಕೆ ಅರ್ಧ ಗಂಟೆ ಕೆಲಸ ಮಾಡೋ ಮರಿಗೆ ರೇಸ್ ಕುದುರೆ ದಾಣಿ ಹಾಕ್ತಾ ಇದ್ರೆ ಅದು ಕುಣಿಯದೇ ಇನ್ನೇನು ಮಾಡುತ್ತೆ. ಓಟ್ಸ್, ಬಾರ್ಲಿ ಇಳಿಸಿ, ಹುಲ್ಲು ಏರಿಸಿ, ಒಣ ಲೆಕ್ಕದಲ್ಲಿ ಮೈ ತೂಕದ 1.5ರಿಂದ 2% ಮೇವು ಅಂದ್ರೆ 450 ಕೆಜಿ ಕುದುರೆಗೆ 7ರಿಂದ 9 ಕೆಜಿ. ಇನ್ನರ್ಧ ಏನಂದ್ರೆ, ಜಾಗ. 23 ಗಂಟೆ ಲಾಯದಲ್ಲಿ ನಿಂತ ಕುದುರೆ ಹೊರಗೆ ಬಂದಾಗ ಸಿಡಿಯುತ್ತೆ, ದಾಣಿ ಎಷ್ಟೇ ಕಮ್ಮಿ ಮಾಡಿ. ದಿನಕ್ಕೆ ಒಂದೆರಡು ಗಂಟೆ ಬೇಲಿ ಹಾಕಿದ ಬಯಲಲ್ಲಿ, ಅಂದ್ರೆ ಪ್ಯಾಡಕ್‌ನಲ್ಲಿ, ಆಗೋದಾದ್ರೆ ಇನ್ನೊಂದು ಕುದುರೆ ಜೊತೆ, ಬಿಟ್ರೆ ಅರ್ಧ ತೊಂದರೆ ಅಲ್ಲೇ ಕರಗುತ್ತೆ.

ಏಟು ಹಾಕ್ಬೇಕಾ ಬೇಡ್ವಾ? ಒಬ್ಬೊಬ್ರು ಒಂದೊಂದ್ ಹೇಳ್ತಾರೆ

ಕುದುರೆಗೆ ಪಾಠ ಆಗೋದು ಒತ್ತಡದಿಂದಲ್ಲ, ಒತ್ತಡ ಬಿಟ್ಟ ಕ್ಷಣದಿಂದ. ಕಾಲು ಒತ್ತಿದ್ರಿ, ಅದು ಒಂದು ಹೆಜ್ಜೆ ಮುಂದಿಟ್ತು, ನೀವು ಆಗ್ಲೇ ಕಾಲು ಸಡಿಲ ಬಿಟ್ರಿ, ಅಷ್ಟೇ ಪಾಠ. ಬಿಡೋದು ಒಂದೆರಡು ಸೆಕೆಂಡ್ ತಡ ಆದ್ರೆ ಆ ಹೊತ್ತಿಗೆ ಅದು ಬೇರೇನೋ ಮಾಡ್ತಿರುತ್ತೆ, ಅದನ್ನೇ ಕಲಿಯುತ್ತೆ. ಏಟಿನ ತೊಂದರೆಯೂ ಇದೇ, ಕುದುರೆ ತಪ್ಪು ಮಾಡಿ, ನೀವು ಸಾವರಿಸ್ಕೊಂಡು, ಲಗಾಮು ಒಂದು ಕೈಗೆ ತಗೊಂಡು ಚಬುಕು ಬೀಸೋ ಹೊತ್ತಿಗೆ ಅದು ಸುಮ್ಮನೆ ನಿಂತಿರುತ್ತೆ, ಸುಮ್ಮನೆ ನಿಂತಿದ್ದಕ್ಕೆ ಏಟು ಬಿತ್ತು. ಕಾಲಿನ ಸಿಗ್ನಲ್ ಕೇಳದಿದ್ದಾಗ ಕಾಲಿನ ಹಿಂದೆ ಚಬುಕಿಂದ ಮೆಲ್ಲಗೆ ಟಪ್ ಟಪ್ ಅಂತ ತಟ್ಟಿ, ಹೆಜ್ಜೆ ಇಟ್ಟ ಕ್ಷಣ ನಿಲ್ಲಿಸೋದು ಬೇರೆ ವಿಷ್ಯ, ಅದಕ್ಕೆ ನನ್ನ ತಕರಾರಿಲ್ಲ. ಸಿಟ್ಟು ಬಂದಾಗ ಹೊಡೆಯೋದು, ತಲೆಗೆ ಹೊಡೆಯೋದು ಯಾವತ್ತೂ ಬೇಡ. ಗ್ರೀಸಿನ ಕ್ಸೆನೋಫೋನ್ 2,300 ವರ್ಷಕ್ಕೂ ಹಿಂದೆ ಕುದುರೆ ಜೊತೆ ಕೋಪದಲ್ಲಿ ವ್ಯವಹರಿಸಬೇಡಿ ಅಂತ ಬರೆದಿಟ್ಟಿದಾನೆ, ನಮಗೆ ಇನ್ನೂ ಹತ್ತಿಲ್ಲ.

## ಕೆಳಗಿಂದ ಮಾಡೋ ಕೆಲಸ

ಕಡಿವಾಣ ಹಾಕಕ್ಕೆ ಹೋದ್ರೆ ತಲೆ ಆಕಾಶಕ್ಕೆ ಎತ್ತುತ್ತೆ, ನಾನು ಕುಳ್ಳ, ಏನ್ ಮಾಡ್ಲಿ?

ಹಲ್ಲು, ಕಿವಿ ನೋಡ್ಸಿ ಆಯ್ತು ಅಂದ್ಕೊಳ್ಳೋಣ (ಕಿವಿಲಿ ಉಣ್ಣೆ ಹುಳ ಇದ್ರೂ ಹೀಗೇ ಮಾಡುತ್ತೆ). ಕಡಿವಾಣ ಪಕ್ಕಕ್ಕಿಡಿ. ಹಾಲ್ಟರ್ ಹಗ್ಗ ಹಿಡಿದು ಕಿವಿ ಹಿಂದೆ ನೆತ್ತಿ ಮೇಲೆ ಅಂಗೈ ಇಟ್ಟು ತುಂಬಾ ಹಗುರಾಗಿ ಒತ್ತಿ, ತಲೆ ಮೇಲೆತ್ತಿದ್ರೂ ಕೈ ಅಲ್ಲೇ ಇರ್ಲಿ, ಒಂದು ಇಂಚು ಇಳಿಸಿದ ತಕ್ಷಣ ಕೈ ತೆಗೀರಿ. ಮತ್ತೆ. ಕೆಲವು ದಿನದಲ್ಲಿ ಕೈ ಇಟ್ರೆ ತಲೆ ನಿಮ್ಮ ಎದೆ ಮಟ್ಟಕ್ಕೆ ಬರುತ್ತೆ, ಕುಳ್ಳಗಿದ್ರೂ ಪರವಾಗಿಲ್ಲ. ಆಮೇಲೆ ಬಿಟ್ಟಿಗೆ ಸ್ವಲ್ಪ ಬೆಲ್ಲದ ನೀರು ಸವರಿ ಬಾಯಿಗೆ ತೋರ್ಸಿ. ತೆಗೆಯುವಾಗ ಅದಾಗೇ ಬಾಯಿ ಬಿಡೋವರೆಗೂ ಕಾಯಿರಿ, ಎಳೆದು ತೆಗೆದ್ರೆ ಹಲ್ಲಿಗೆ ಬಡಿಯುತ್ತೆ, ನಾಳೆ ತಲೆ ಎತ್ತೋದು ಅದಕ್ಕೇ.

ಕಾಲು ಎತ್ತಕ್ಕೆ ಬಿಡಲ್ಲ. ಲಾಳ ಹೊಡೆಯೋರು ಬಂದ ದಿನ ದೊಡ್ಡ ಯುದ್ಧ

ಲಾಳ ಹೊಡೆಯೋರು ಬರೋ ದಿನ ಪ್ರಾಕ್ಟೀಸ್ ದಿನ ಅಲ್ಲ. ಅವರು ಐದಾರು ವಾರಕ್ಕೊಮ್ಮೆ ಬರ್ತಾರೆ, ಮಧ್ಯದ ದಿನಗಳಲ್ಲಿ ನೀವು ಮಾಡ್ಬೇಕು. ಭುಜದಿಂದ ಕೈ ಸವರ್ತಾ ಕೆಳಗೆ ಬನ್ನಿ, ಕಾಲಿನ ತೂಕ ಆ ಕಡೆಗೆ ಬದಲಾಯಿಸಿದ್ರೂ ಸಾಕು, ಕೈ ತೆಗೆದು ಜೂಲು ಮುಗಿಯೋ ಉಬ್ಬಿನ ಮೇಲೆ ಚೆನ್ನಾಗಿ ಕೆರೆಯಿರಿ. ಕುದುರೆ ಕುದುರೆಗಳೂ ಒಂದಕ್ಕೊಂದು ಕೆರೆಯೋದು ಅಲ್ಲೇ, ಅಲ್ಲಿ ಕೆರೆದ್ರೆ ಎದೆಬಡಿತ ಇಳಿಯುತ್ತೆ ಅಂತ ಅಳೆದು ತೋರ್ಸಿದಾರೆ. ಮರುದಿನ ಒಂದು ಸೆಕೆಂಡ್ ಎತ್ತಿ, ಅದು ಕಿತ್ಕೊಳ್ಳೋ ಮುಂಚೆ ನೀವೇ ಇಳಿಸಿ, ಬೀಳಿಸ್ಬೇಡಿ. ಹಿಂಗಾಲಲ್ಲಿ ಒದೆಯೋ ಕುದುರೆ ಆಗಿದ್ರೆ ಮೊದಮೊದಲು ಕೈ ಬದಲು ಉದ್ದ ಕೋಲಿಗೆ ಗ್ಲೌಸ್ ಕಟ್ಟಿ ಸವರಿ, ನಿಮ್ಮ ಮಂಡಿ ಉಳಿಯುತ್ತೆ. ಒಂದೇ ಒಂದು ಕಾಲು ಕೊಡಲ್ಲ, ಉಳಿದ ಮೂರು ಕೊಡುತ್ತೆ ಅಂದ್ರೆ ಎದುರಿನ ಕಾಲಿಗೆ ತೂಕ ಹಾಕಕ್ಕೆ ಆಗ್ತಿಲ್ವೇನೋ ನೋಡ್ಸಿ.

ಅರ್ಧ ಗಂಟೆ ಲಂಜ್ ಮಾಡಿ (ಉದ್ದ ಹಗ್ಗದಲ್ಲಿ ಸುತ್ತ ಓಡಿಸಿ) ಸುಸ್ತಾದ ಮೇಲೆ ಹತ್ತಿದ್ರೆ ಸೇಫ್ ಅಲ್ವಾ?

ಮೊದಲ ವಾರ ಸೇಫ್. ಆಮೇಲೆ ಕುದುರೆ ಫಿಟ್ ಆಗುತ್ತೆ, ಅರ್ಧ ಗಂಟೆ ಸಾಲಲ್ಲ, ಮುಕ್ಕಾಲು ಗಂಟೆ ಬೇಕು, ಕೊನೆಗೆ ನಿಮಗೆ ಸುಸ್ತು. ಸಣ್ಣ ವೃತ್ತದಲ್ಲಿ ಸುತ್ತಿ ಸುತ್ತಿ ಎಳೆ ಕಾಲಿನ ಕೀಲಿಗೂ ಒತ್ತಡ. ಲಂಜ್ ಮಾಡೋದು ಮಾತು ಕೇಳ್ತಿದ್ಯಾ ಅಂತ ನೋಡಕ್ಕೆ: ವಾಕ್ ಅಂದ್ರೆ ವಾಕ್, ಟ್ರಾಟ್ ಅಂದ್ರೆ ಟ್ರಾಟ್, ಹೋ ಅಂದ್ರೆ ನಿಲ್ಲೋದು, ಎರಡೂ ಕಡೆ ಐದೈದು ನಿಮಿಷ, ದೊಡ್ಡ ವೃತ್ತ, ಮುಗೀತು. ಇಷ್ಟರಲ್ಲೂ ಬೆನ್ನು ಬಿಗಿ ಮಾಡ್ಕೊಂಡು ಬಾಲ ಎತ್ತಿ ಹಾರ್ತಾ ಇದ್ರೆ ಇವತ್ತು ಹತ್ಬೇಡಿ, ಸಿಂಪಲ್.

ಹತ್ತಕ್ಕೆ ಹೋದ್ರೆ ನಿಲ್ಲಲ್ಲ, ರಿಕಾಪಿಗೆ ಕಾಲಿಟ್ರೆ ಹೊರಟೇ ಬಿಡುತ್ತೆ. ರೇಸಿಂದ ತಂದಿದ್ದು

ಅದು ಬುದ್ಧಿವಂತ ಕುದುರೆ, ಕಲಿಸಿದ್ದನ್ನ ಸರಿಯಾಗೇ ಮಾಡ್ತಿದೆ. ರೇಸ್ ಯಾರ್ಡಲ್ಲಿ ಕುದುರೆ ನಡೀತಾ ಇರುವಾಗ್ಲೇ ಸೈಸ್ ರೈಡರ್ ಮಂಡಿ ಕೆಳಗೆ ಹಿಡಿದು ಮೇಲಕ್ಕೆ ಎಸೆದುಬಿಡ್ತಾರೆ, ನಿಂತಲ್ಲಿ ನಿಲ್ಲೋದು, ಪಕ್ಕದಲ್ಲಿ ಸ್ಟೂಲು, ಅದರ ಮೇಲೆ ಮನುಷ್ಯ, ಒಂದೇ ಕಡೆ ತೂಕ ಬೀಳೋದು, ಇದೆಲ್ಲ ಅದು ಕಂಡೇ ಇಲ್ಲ.

ಮೌಂಟಿಂಗ್ ಬ್ಲಾಕ್ (ಹತ್ತಕ್ಕೆ ಇಡೋ ಸ್ಟೂಲು) ಪಕ್ಕ ತಂದು ನಿಲ್ಲಿಸಿ, ಹತ್ಬೇಡಿ, ಕತ್ತು ಸವರಿ, ಕರ್ಕೊಂಡು ಹೋಗಿ. ನಾಳೆ ಬ್ಲಾಕ್ ಮೇಲೆ ನಿಂತು ಜೀನು ತಟ್ಟಿ, ಆ ಕಡೆ ರಿಕಾಪು ಅಲ್ಲಾಡ್ಸಿ. ಮುಂದೆ ಹೊರಟ್ರೆ ಬೈಬೇಡಿ, ಬ್ಲಾಕ್ ಸುತ್ತ ಒಂದು ರೌಂಡ್ ಹಾಕ್ಸಿ ಅದೇ ಜಾಗಕ್ಕೆ ತನ್ನಿ. ಆಮೇಲೆ ನಿಮ್ಮ ಹೊಟ್ಟೆ ಮೇಲೆ ಭಾರ ಹಾಕಿ ಜೀನಿನ ಮೇಲೆ ಅಡ್ಡ ಮಲಗಿ ಇಳೀರಿ, ಆಗ ಕುದುರೆ ಮುಂಗಾಲು ಸ್ವಲ್ಪ ಅಗಲ ಮಾಡ್ಕೊಂಡು ಬ್ಯಾಲೆನ್ಸ್ ಸರಿ ಮಾಡ್ಕೊಳ್ಳುತ್ತೆ, ಅದಕ್ಕೆ ಟೈಮ್ ಕೊಡಿ, ಬಹಳ ಸಲ "ಹೊರಟೇ ಬಿಡುತ್ತೆ" ಅನ್ನೋದು ಬೀಳದೇ ಇರಕ್ಕೆ ಇಟ್ಟ ಒಂದು ಹೆಜ್ಜೆ ಅಷ್ಟೇ ಆಗಿರುತ್ತೆ. ಪೂರ್ತಿ ಕೂರುವಾಗ ಧಪ್ ಅಂತ ಕೂರ್ಬೇಡಿ, ಕೂತು ಹತ್ತು ಎಣಿಸೋವರೆಗೂ ಹೊರಡ್ಬೇಡಿ. ಮೇಲಿಂದ ಬಗ್ಗಿ ಒಂದು ತುಂಡು ಕ್ಯಾರೆಟ್ ಕೊಟ್ರೆ ಸ್ವಲ್ಪ ದಿನದಲ್ಲಿ ನೀವು ಕೂತ ಕೂಡ್ಲೇ ಕತ್ತು ತಿರುಗಿಸಿ ಕೇಳುತ್ತೆ, ಕ್ಯಾರೆಟ್ ಕೇಳೋ ಕುದುರೆ ಓಡಲ್ಲ.

## ಮೇಲೆ ಹತ್ತಿದ ಮೇಲೆ

ಕೂತ್ರೆ ಮುಂದಕ್ಕೇ ಹೋಗಲ್ಲ, ಮೊಳೆ ಹೊಡೆದಂಗೆ ನಿಲ್ಲುತ್ತೆ

ಕೆಳಗಿಂದ ಕಲಿತ ಮಾತು ಮೇಲಿಂದ ಬಂದಾಗ ಹೊಂದಿಸ್ಕೊಳ್ಳಕ್ಕೆ ಗೊತ್ತಾಗ್ತಿಲ್ಲ. ಲಂಜಲ್ಲಿ "ವಾಕ್ ಆನ್" ಕಲಿತಿದ್ರೆ ಅದೇ ಮಾತು ಮೊದಲು ಹೇಳಿ, ಅದರ ಹಿಂದೇನೇ ಕಾಲು ಹಗುರಾಗಿ ಒತ್ತಿ, ಕೆಳಗೆ ಒಬ್ರು ನಡೆಸ್ಲಿ. ನಿಂತಲ್ಲೇ ನಿಂತ್ರೆ ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಬ್ಯಾಲೆನ್ಸ್ ತಪ್ಪಿ ಒಂದು ಹೆಜ್ಜೆ ಇಡ್ಲೇಬೇಕು, ಇಟ್ಟಿತಾ, ಶಭಾಷ್ ಹೇಳಿ ಬಿಟ್ಬಿಡಿ. ಹಿಮ್ಮಡಿಲಿ ಧಬ ಧಬ ಒದೀತಾ ಕೂತ್ರೆ ಕಾಲಿಗೆ ಅರ್ಥಾನೇ ಇಲ್ಲ ಅಂತ ಕಲಿಯುತ್ತೆ, ರೈಡಿಂಗ್ ಸ್ಕೂಲಿನ ಮುದಿ ಕುದುರೆಗಳು ಯಾರ ಕಾಲಿಗೂ ಕ್ಯಾರೆ ಅನ್ನದಿರೋದು ಹೀಗೇ. ಇನ್ನೊಂದು, ಕಾಲಲ್ಲಿ ಹೋಗು ಅಂತಿದೀರ, ಕೈಲಿ ಲಗಾಮು ಬಿಗಿ ಹಿಡಿದಿದೀರಾ? ಹೆದರಿದವರೆಲ್ಲ ಇದನ್ನ ಮಾಡ್ತಾರೆ.

ಗೇಟ್ ಹತ್ರ ಬಂದ್ರೆ ಸಾಕು ಲಾಯದ ಕಡೆ ಎಳೆಯುತ್ತೆ

ಲಾಯದಲ್ಲಿ ಮೇವಿದೆ, ಗೆಳೆಯರಿದಾರೆ. ಅರೀನಾದಲ್ಲಿ ಬರೀ ಕೆಲಸ. ಗೇಟ್ ಹತ್ರ ಯಾವತ್ತೂ ಇಳೀಬೇಡಿ, ಗೇಟಿಂದ ದೂರದ ಮೂಲೆಲಿ ನಿಲ್ಲಿಸಿ ಲಗಾಮು ಉದ್ದ ಬಿಟ್ಟು ರೆಸ್ಟ್ ಕೊಡಿ, ಅಲ್ಲೇ ಇಳಿದು ಗರ್ತ್ ಸಡಿಲ ಮಾಡಿ. ಗೇಟ್ ಹತ್ರ ಬಂದಾಗ ಸಣ್ಣ ಸಣ್ಣ ಸರ್ಕಲ್ ಹಾಕ್ಸಿ ಕೆಲಸ ಕೊಡಿ. ಎಲ್ಲಿ ಆರಾಮು ಅನ್ನೋದು ಅದರ ತಲೇಲಿ ತಾನಾಗೇ ಬದಲಾಗುತ್ತೆ, ಜಗಳ ಆಡೋ ಅಗತ್ಯ ಇಲ್ಲ.

ಕ್ಯಾಂಟರ್‌ಗೆ (ಟ್ರಾಟಿಗಿಂತ ಜೋರಾದ ಓಟ) ಹೋಗುವಾಗ ಮಾತ್ರ ಬಕ್ ಹೊಡೆಯುತ್ತೆ

ಎರಡೂ ಕಡೆ ಹೊಡೆಯುತ್ತಾ, ಒಂದೇ ಕಡೆನಾ? ಒಂದೇ ಕಡೆ ಅಂದ್ರೆ ವೆಟ್, ಸೊಂಟ ಹಿಂಗಾಲು ನೋಡ್ಸಿ. ಜೀನು ಹಿಂದೆ ಎದ್ದು ಎದ್ದು ಬಡೀತಾ ಇದ್ರೆ ಅದೂ ಕಾರಣ. ಎರಡೂ ಸರಿ ಇದ್ರೆ ಹೆಚ್ಚಾಗಿ ಬ್ಯಾಲೆನ್ಸ್ ತೊಂದರೆ, ಮೇಲೆ ತೂಕ ಹೊತ್ಕೊಂಡು ಮೂಲೇಲಿ ತಿರುಗಿ ಕ್ಯಾಂಟರ್‌ಗೆ ಎದ್ದು ನಿಲ್ಲೋದು ಎಳೆಯದಕ್ಕೆ ಕಷ್ಟ. ಸ್ವಲ್ಪ ಏರು ಇರೋ ನೇರ ದಾರೀಲಿ ಮುಂದೆ ಒಂದು ಹಳೇ ಕುದುರೆ ಬಿಟ್ಕೊಂಡು ಶುರು ಮಾಡಿ, ನೀವು ಸೀಟಿಂದ ಸ್ವಲ್ಪ ಎದ್ದು ಬೆನ್ನಿಗೆ ಜಾಗ ಕೊಡಿ, ಆರೇಳು ಹೆಜ್ಜೆ ಹಾಕಿದ್ರೆ ಸಾಕು. ಬಕ್ ಹೊಡೆಯಕ್ಕೆ ತಲೆ ಕೆಳಗೆ ಹೋಗ್ಬೇಕು, ಬೆನ್ನು ಗೂನು ಆಗ್ಬೇಕು, ಅದಕ್ಕೇ ಆಗೋ ಕ್ಷಣ ತಲೆ ಮೇಲಿರೋ ಹಂಗೆ ನೋಡ್ಕೊಂಡು ಮುಂದಕ್ಕೆ ಕಳ್ಸಿ. ನಿಲ್ಲಿಸಿ ಶಿಕ್ಷೆ ಕೊಡಕ್ಕೆ ಹೋಗ್ಬೇಡಿ.

ಎರಡು ಕಾಲ ಮೇಲೆ ನಿಲ್ಲುತ್ತೆ. ವಿಡಿಯೋಲಿ ಚೆನ್ನಾಗಿ ಕಾಣುತ್ತೆ ಆದ್ರೆ ನಂಗೆ ಭಯ

ಭಯ ಪಡೋದು ಸರಿನೇ, ಇದೊಂದೇ ವಿಷಯದಲ್ಲಿ ನಾನು ಯಾರಿಗೂ ಧೈರ್ಯ ಹೇಳಲ್ಲ, ಹಿಂದಕ್ಕೆ ಬಿದ್ರೆ 450 ಕೆಜಿ ನಿಮ್ಮ ಮೇಲೆ. ಎದ್ದ ಕ್ಷಣ ಮುಂದಕ್ಕೆ ಬಾಗಿ, ಎರಡೂ ಕೈ ಕುದುರೆ ಬಾಯಿ ಕಡೆಗೆ ಬಿಡಿ, ಜೂಲು ಇಲ್ಲಾ ಕತ್ತು ಹಿಡ್ಕೊಳ್ಳಿ, ಲಗಾಮು ಮಾತ್ರ ಹಿಡಿದು ನೇತಾಡ್ಬೇಡಿ, ಅದನ್ನ ಹಿಂದಕ್ಕೆ ಕೆಡವೋದು ಅದೇ. ಕಾಲು ನೆಲಕ್ಕೆ ಬಂದ ತಕ್ಷಣ ಮುಂದಕ್ಕೆ ಕಳ್ಸಿ ಇಲ್ಲಾ ಪಕ್ಕಕ್ಕೆ ತಿರುಗಿಸಿ, ಮುಂದೆ ನಡೀತಿರೋ ಕುದುರೆಗೆ ಎದ್ದು ನಿಲ್ಲೋದು ಕಷ್ಟ.

ಕಾರಣ ಮಾತ್ರ ಬಹುಪಾಲು ಒಂದೇ: ಮುಂದೆ ದಾರಿ ಮುಚ್ಚಿದೆ (ಗಟ್ಟಿ ಕೈ, ಕಡುವಾದ ಬಿಟ್, ಬಾಯಿ ನೋವು), ಹಿಂದಿಂದ ಒತ್ತಡ ಇದೆ, ಮೇಲೊಂದೇ ಜಾಗ ಉಳಿದಿರೋದು. ತಲೆ ಮೇಲೆ ನೀರಿನ ಬಾಟ್ಲಿ ಒಡೆದ್ರೆ ನಿಲ್ಲುತ್ತೆ ಅನ್ನೋ ಹಳೇ ಉಪಾಯ ಈಗ್ಲೂ ಹೇಳೋರಿದಾರೆ, ಕೇಳ್ಬೇಡಿ. ಒಂದಕ್ಕಿಂತ ಜಾಸ್ತಿ ಸಲ ಎದ್ದಿದೆ ಅಂದ್ರೆ ಹತ್ತೋದು ನಿಲ್ಲಿಸಿ, ವೆಟ್ ನೋಡ್ಲಿ, ಆಮೇಲೆ ಎಳೆ ಕುದುರೆ ಮೇಲೆ ವರ್ಷಗಟ್ಟಲೆ ಕೂತಿರೋರಿಗೆ ಕೊಡಿ.

ಲಗಾಮು ಎಳೆದಷ್ಟೂ ಜೋರಾಗಿ ಓಡುತ್ತೆ, ಇದೇನ್ ಉಲ್ಟಾ?

ರೇಸಿಂದ ಬಂದಿದ್ದಾ? ಅಲ್ಲಿ ರೈಡರ್ ಲಗಾಮು ಗಟ್ಟಿ ಹಿಡಿದ್ರೆ ಅದರ ಮೇಲೆ ಭಾರ ಬಿಟ್ಟು ಓಡೋದೇ ಕೆಲಸ. ಎಳೀಬೇಡಿ, ಹಿಡೀರಿ ಬಿಡಿ, ಹಿಡೀರಿ ಬಿಡಿ. ವಾಕಲ್ಲಿ ನಿಲ್ಲೋದು ಹೊರಡೋದು ದಿನಾ ಹತ್ತಾರು ಸಲ ಮಾಡ್ಸಿ, ಲಗಾಮು ಮುಟ್ಟೋ ಮುಂಚೆ ಉಸಿರು ಬಿಟ್ಟು ಬೆನ್ನು ನೆಟ್ಟಗೆ ಮಾಡಿ ಕೂರಿ, ಆಮೇಲೆ ಅದು ನಿಮ್ಮ ಉಸಿರಿಗೇ ನಿಧಾನ ಮಾಡುತ್ತೆ. ಓಡೇ ಬಿಟ್ಟಿತು ಅಂದ್ರೆ ದೊಡ್ಡ ಸರ್ಕಲಿಗೆ ತಗೊಂಡು ನಿಧಾನಕ್ಕೆ ಚಿಕ್ಕದು ಮಾಡ್ತಾ ಬನ್ನಿ, ನಾಗಾಲೋಟದಲ್ಲಿ ಒಂದೇ ಸಲ ತಲೆ ಎಳೆದು ತಿರುಗಿಸಿದ್ರೆ ಇಬ್ಬರೂ ಬೀಳ್ತೀರ.

ಪ್ಲಾಸ್ಟಿಕ್ ಕವರ್, ನೀಲಿ ಟಾರ್ಪಾಲಿನ್, ಬೀದಿನಾಯಿ, ಎಲ್ಲದಕ್ಕೂ ಬೆಚ್ಚಿ ಬೀಳುತ್ತೆ. ನಿನ್ನೆ ನೋಡಿದ ಟಾರ್ಪಾಲಿನ್ನೇ!

ಕುದುರೆ ಕಣ್ಣು ಪಕ್ಕದಲ್ಲಿರೋದ್ರಿಂದ ಸುತ್ತ ಸುಮಾರು 350 ಡಿಗ್ರಿ ಕಾಣುತ್ತೆ, ಮೂಗಿನ ನೇರ ಮುಂದೆ ಸ್ವಲ್ಪ, ಬಾಲದ ಹಿಂದೆ ಸ್ವಲ್ಪ ಬಿಟ್ರೆ. ಕೆಂಪು ಹಸಿರು ವ್ಯತ್ಯಾಸ ಸರಿಯಾಗಿ ಕಾಣಲ್ಲ, ನೀಲಿ ಹಳದಿ ಎದ್ದು ಕಾಣುತ್ತೆ. ನಿನ್ನೆ ಬಲಗಡೆ ಇದ್ದ ನೀಲಿ ಟಾರ್ಪಾಲಿನ್ ಇವತ್ತು ಎಡಗಡೆಯಿಂದ, ಬೇರೆ ಬೆಳಕಲ್ಲಿ, ಗಾಳಿಗೆ ಅಲ್ಲಾಡ್ತಾ ಬಂದ್ರೆ ಅದಕ್ಕದು ಹೊಸದೇ, ಹಾಗಾಗಿ ಎರಡೂ ಕಡೆಯಿಂದ ತೋರಿಸ್ಬೇಕು. ಬಲವಂತವಾಗಿ ಹತ್ರ ಒಯ್ಯಬೇಡಿ, ಕಿವಿ ನೆಟ್ಟಗಾಗೋ ದೂರದಲ್ಲಿ ನಿಲ್ಲಿಸಿ ನೋಡಕ್ಕೆ ಬಿಡಿ, ಉಸಿರು ಬಿಟ್ಟು ಬಾಯಿ ಚಪ್ಪರಿಸಿದ ಮೇಲೆ ವಾಪಸ್ ಕರ್ಕೊಂಡು ಹೋಗಿ, ಆಮೇಲೆ ಎರಡು ಹೆಜ್ಜೆ ಹತ್ರ.

ದೀಪಾವಳಿ ವಾರ ಮಾತ್ರ ಟ್ರೇನಿಂಗ್ ಮರೆತುಬಿಡಿ. ಒಳಗಿರೋದು ಅಭ್ಯಾಸ ಇದ್ರೆ ಲಾಯದಲ್ಲಿ ಲೈಟ್ ಹಾಕಿ, ರೇಡಿಯೋ ಹಚ್ಚಿ, ಮುಂದೆ ಹುಲ್ಲು ಸುರಿದು, ಗೊತ್ತಿರೋ ಮನುಷ್ಯ ಒಬ್ರು ಅಲ್ಲೇ ಇರ್ಲಿ.

## ಸ್ವಲ್ಪ ಮುಂದುವರಿದವರಿಗೆ

ಎರಡು ತಿಂಗಳು ಚಿನ್ನದಂಗಿತ್ತು, ಈಗ ಏನೂ ಕಲಿತೇ ಇಲ್ಲ ಅನ್ನಂಗೆ ಆಡ್ತಿದೆ

ಹಲ್ಲು, ಜೀನು ಮತ್ತೆ ನೋಡಿ, ಎರಡು ತಿಂಗಳಲ್ಲಿ ಎರಡೂ ಬದಲಾಗಿರುತ್ತೆ. ಅದು ಸರಿ ಇದ್ರೆ, ನೀವು ಇತ್ತೀಚೆಗೆ ಒಂದು ಹಳೇ ಚಾಳಿಗೆ ಬಿಡುಗಡೆ ಕೊಡೋದು ನಿಲ್ಲಿಸಿದೀರಾ? ಉದಾಹರಣೆಗೆ ಲಗಾಮು ಕಿತ್ಕೊಂಡ್ರೆ ಮುಂಚೆ ಬಿಡ್ತಿದ್ರಿ, ಈಗ ಬಿಡ್ತಿಲ್ಲ. ಆಗ ಆ ಚಾಳಿ ಸಾಯೋ ಮುಂಚೆ ಒಂದಿಷ್ಟು ದಿನ ಇನ್ನೂ ಜೋರಾಗಿ ಬರುತ್ತೆ, ಮುಂಚೆ ಕೆಲಸ ಮಾಡ್ತಿದ್ದ ಗುಂಡಿ ಈಗ ಯಾಕೆ ಮಾಡ್ತಿಲ್ಲ ಅಂತ ಗಟ್ಟಿಯಾಗಿ ಒತ್ತೋ ಥರ. ಆ ಹೊತ್ತಲ್ಲಿ ಸೋತು ಒಮ್ಮೆ ಬಿಟ್ರೆ, ಜೋರಾಗಿ ಮಾಡಿದ್ರೆ ಸಿಗುತ್ತೆ ಅಂತ ಹೊಸ ಪಾಠ ಕಲಿಸಿದಂಗೆ.

ಅದೂ ಅಲ್ಲ ಅಂದ್ರೆ ಕೆಲಸ ಜಾಸ್ತಿ ಆಗಿದೆ. ದಿನಾ ಪಾಠ ಹೇಳಿದ ಕುದುರೆಗಿಂತ ಮಧ್ಯೆ ಬಿಡುವು ಸಿಕ್ಕಿದ ಕುದುರೆ ಕಮ್ಮಿ ಪಾಠದಲ್ಲೇ ಕಲಿಯುತ್ತೆ. ಎರಡು ವಾರ ರಜಾ ಕೊಡಿ, ಮರೆಯಲ್ಲ.

ಬಿಟ್ ಚೇಂಜ್ ಮಾಡಿ, ಮಾರ್ಟಿಂಗೇಲ್ (ತಲೆ ತೀರಾ ಎತ್ತದಂಗೆ ಹಾಕೋ ಪಟ್ಟಿ) ಹಾಕಿ ಅಂತಾರೆ

ಹಲ್ಲು ನೋಡ್ಸಿದ ಮೇಲೆ ಬಾಯಿಗೆ ಹೊಂದೋ ಸಾದಾ ಸ್ನ್ಯಾಫಲ್ (ಮೆತ್ತಗಿನ ಬಿಟ್) ಸಾಕು, ಮೂಗುಪಟ್ಟಿ ಒಳಗೆ ಮೂಗಿನ ಮೂಳೆ ಮೇಲೆ ಎರಡು ಬೆರಳು ಆರಾಮಾಗಿ ಹೋಗ್ಬೇಕು. ಬಾಯಿ ತೆರೀತಿದೆ ಅಂತ ಪಟ್ಟಿ ಬಿಗಿದ್ರೆ ಬಾಯಿ ಮುಚ್ಚುತ್ತೆ, ಕಾರಣ ಒಳಗೇ ಉಳಿಯುತ್ತೆ. ಮೆರವಣಿಗೆ ಕುದುರೆಗಳಿಗೆ ಹಾಕೋ ಮುಳ್ಳಿನ ಕಡಿವಾಣವಂತೂ ಮುಟ್ಲೇಬೇಡಿ, ಭಾರ ಎಳೆಯೋ ಹೊರೋ ಪ್ರಾಣಿಗಳ 1965ರ ನಿಯಮದ ಪ್ರಕಾರ ಸವಾರಿಗೂ ಅದು ನಿಷಿದ್ಧ.

ಫಿಲ್ಲಿ (ಎಳೆ ಹೆಣ್ಣು ಕುದುರೆ) ಇದೆ, ತಿಂಗಳಲ್ಲಿ ಒಂದು ವಾರ ಮುಟ್ಟಕ್ಕೇ ಬಿಡಲ್ಲ

ಹೆಣ್ಣು ಕುದುರೆಗೆ ಸುಮಾರು 21 ದಿನಕ್ಕೊಮ್ಮೆ ಬೆದೆ, ಅದು 5-7 ದಿನ ಇರುತ್ತೆ. ಕ್ಯಾಲೆಂಡರಲ್ಲಿ ಗುರುತು ಹಾಕ್ತಾ ಹೋಗಿ, ಲೆಕ್ಕ ಕೂಡಿ ಬಂದ್ರೆ ಆ ದಿನಗಳಲ್ಲಿ ಹಗುರ ಕೆಲಸ. ಕೂಡಿ ಬರದಿದ್ರೆ ಸುಮ್ಮನೆ ಬೆದೆ ಮೇಲೆ ಹಾಕ್ಬೇಡಿ.

ಮುಂಚೆ ತುಂಬಾ ಕಾಟ ಕೊಡ್ತಿತ್ತು, ಈಗ ಏನ್ ಮಾಡಿದ್ರೂ ಸುಮ್ಮನಿರುತ್ತೆ. ಪಳಗಿತು ಅಂತ ತಾನೆ?

ಕಣ್ಣು ನೋಡಿ. ಪಳಗಿದ ಕುದುರೆ ನೀವು ಬಂದ್ರೆ ಕಿವಿ ತಿರುಗಿಸುತ್ತೆ, ಮೂಗು ಚಾಚುತ್ತೆ, ಬಕೆಟ್ ಸದ್ದಿಗೆ ಕೆನೆಯುತ್ತೆ. ಕೈ ಚೆಲ್ಲಿದ ಕುದುರೆ ಲಾಯದ ಹಿಂದಿನ ಗೋಡೆಗೆ ಮುಖ ಮಾಡಿ ನಿಂತಿರುತ್ತೆ, ಕಿವಿ ಅಲ್ಲಾಡಲ್ಲ, ನೊಣ ಕೂತ್ರೂ ಮೈ ಕುಣಿಸಲ್ಲ. ಏನ್ ಮಾಡಿದ್ರೂ ಬಿಡುಗಡೆ ಇಲ್ಲ ಅಂತ ಗೊತ್ತಾದ ಪ್ರಾಣಿ ಹೀಗಾಗುತ್ತೆ, ಕಾಲು ಕಟ್ಟಿ ಕೆಡವಿ "ಮುರಿದ" ಕುದುರೆಗಳಲ್ಲಿ ಇದು ಕಾಣಿಸುತ್ತೆ. ಇಂಥದ್ದು ಮಾರಾಟಕ್ಕೆ ಬಂದ್ರೆ "ಬಹಳ ಸಾಧು, ಮಕ್ಕಳೂ ಕೂರಬಹುದು" ಅಂತಾರೆ. ಚೆನ್ನಾಗಿ ತಿಂದು, ಓಡಾಡಿ, ಮೈ ಕೈ ತುಂಬ್ಕೊಂಡ ಮೇಲೆ ಹಳೇದೆಲ್ಲ ವಾಪಸ್ ಬರುತ್ತೆ, ಆಗ ಮೇಲೆ ಮಗು ಇರುತ್ತೆ. ಹೊಟ್ಟೆ ನೋವು, ಜ್ವರದಲ್ಲೂ ಹೀಗೆ ಮಂಕಾಗಿರುತ್ತೆ, ಹಾಗಾಗಿ ಮೊದಲು ಜ್ವರ ನೋಡಿ, ಎದೆಬಡಿತ ಎಣಿಸಿ, ಸುಮ್ಮನೆ ನಿಂತಾಗ ನಿಮಿಷಕ್ಕೆ 28ರಿಂದ 44 ಇರ್ಬೇಕು.

4 ವರ್ಷ ಆಯ್ತು, ಇನ್ನೂ ಜಂಪಿಂಗ್ ಶುರು ಮಾಡಿಲ್ಲ, ಲೇಟ್ ಆಯ್ತಾ?

ನಮ್ಮ ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ ಟೋಕಿಯೋ ಒಲಿಂಪಿಕ್ಸ್‌ಗೆ ತಗೊಂಡು ಹೋದ ಸೆನ್ಯೋರ್ ಮೆಡಿಕಾಟ್ ಹುಟ್ಟಿದ್ದು 2006ರಲ್ಲಿ, ಸ್ಪರ್ಧೆ ನಡೆದ 2021ಕ್ಕೆ ಅದಕ್ಕೆ 15. ಅದೇ ಕುದುರೆ ಮೇಲೆ 2018ರ ಏಷ್ಯನ್ ಗೇಮ್ಸಲ್ಲಿ ಬೆಳ್ಳಿ ಬಂತು, ಆಗ 12. ನಿಮ್ಮದಿನ್ನೂ 4. ನೆಲದ ಮೇಲೆ ಕಂಬ ಇಟ್ಟು ವಾಕು ಟ್ರಾಟಲ್ಲಿ ದಾಟಿಸ್ತಾ ಇರಿ.

ನನ್ ಕೈಲಾಗಲ್ಲ, ಟ್ರೇನರ್‌ಗೆ ಕೊಡ್ತೀನಿ. ಒಳ್ಳೆಯವರು ಅಂತ ಹೆಂಗ್ ಗೊತ್ತಾಗುತ್ತೆ?

ಬೇರೆಯವರ ಎಳೆ ಕುದುರೆ ಮೇಲೆ ಅವರು ಕೆಲಸ ಮಾಡೋದನ್ನ ಹೇಳದೇ ಹೋಗಿ ನೋಡಿ. ನಿಮ್ಮ ಕುದುರೆ ಕಥೆ ಹೇಳಿದಾಗ ಹಲ್ಲು ಯಾವಾಗ ನೋಡ್ಸಿದ್ರಿ, ಜೀನು ಯಾವುದು, ಎಷ್ಟು ಗಂಟೆ ಹೊರಗೆ ಬಿಡ್ತೀರಿ ಅಂತ ಅವರೇ ಕೇಳಿದ್ರೆ ಅರ್ಧ ಪಾಸು. "15 ದಿನಕ್ಕೆ ಬೆಣ್ಣೆ ಮಾಡಿ ಕೊಡ್ತೀನಿ" ಅಂದ್ರೆ ನಮಸ್ಕಾರ ಹೇಳಿ ಬನ್ನಿ. ಯಾವಾಗ ಬೇಕಾದ್ರೂ ಬಂದು ನೋಡಬಹುದಾ, ದಿನಾ ವಿಡಿಯೋ ಕಳಿಸ್ತೀರಾ, ಗಾಯ ಆದ್ರೆ ವೆಟ್ ಖರ್ಚು ಯಾರದ್ದು ಅನ್ನೋದೆಲ್ಲ ಮೊದಲೇ ಬಾಯಿಬಿಟ್ಟು ಮಾತಾಡ್ಕೊಳ್ಳಿ, ಆಗೋದಾದ್ರೆ ಬರ್ಕೊಳ್ಳಿ. ವಾಪಸ್ ತರೋ ಮುಂಚಿನ ವಾರ ನೀವೂ ಅಲ್ಲೇ ಹೋಗಿ ಅವರ ಎದುರಿಗೇ ಹತ್ತಿ, ಅವರು ಯಾವ ಮಾತು ಹೇಳ್ತಾರೆ, ಕಾಲು ಎಲ್ಲಿಡ್ತಾರೆ ಅಂತ ನಿಮ್ಮ ಸೈಸ್‌ಗೂ ತೋರ್ಸಿ, ಇಲ್ಲಾಂದ್ರೆ ಕುದುರೆ ಒಂದು ಭಾಷೆ ಕಲಿತು ಬಂದಿರುತ್ತೆ, ಲಾಯದಲ್ಲಿ ಎಲ್ಲರೂ ಇನ್ನೊಂದು ಮಾತಾಡ್ತಿರ್ತಾರೆ.